ಹಕ್ಕಿಗೆ ಕುಬಸ

ಕಾಳಿನ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಕೊಂಡು ನಾನು ಹೊಟ್ಟು ಊದುತ್ತಿದ್ದೆ. ಹಕ್ಕಿಗಳು ಕಾಳು ಬಿಡಿಸಿ ತಿಂದು ಸಿಪ್ಪೆಯನ್ನು ಅದೇ ಬಟ್ಟಲಲ್ಲಿ ಉದುರಿಸುತ್ತವೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದೆ ಅನ್ನಿಸುತ್ತದೆ, ಊದಿದರೆ ತಳ ಕಾಣುತ್ತದೆ. ಜೋರಾಗಿ ಊದಿದರೆ ನವಣೆಯೂ ಹಾರಿಹೋಗುತ್ತದೆ, ತೀರ ಮೆಲ್ಲಗೆ ಊದಿದರೆ ಹೊಟ್ಟು ಅಲ್ಲೇ ಕೂರುತ್ತದೆ. ಅವ್ವ ಮೊರದಲ್ಲಿ ಕೇರುವುದನ್ನು ನೋಡಿ ಬೆಳೆದವಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಮಿಸ್ಟರ್ ಕುಚೆರಾ ಕೋಟನ್ನೂ ತೆಗೆಯದೆ ಕುಳಿತು ನೋಡುತ್ತಿದ್ದರು. ಗಾಜಿನ ಆಚೆ ಹಿತ್ತಲಲ್ಲಿ ಮೊಣಕಾಲೆತ್ತರ ಹಿಮ ಬಿದ್ದಿತ್ತು. ಕೊನೆಯ ಬಟ್ಟಲನ್ನು ಜಾಲರಿಯೊಳಗೆ ಇಟ್ಟ ಮೇಲೆ ಅವರು ಎದ್ದು, ಬಟ್ಟೆಯ ಚೀಲದಿಂದ ಎರಡು ಪುಟ್ಟ ಬೆತ್ತದ ಬುಟ್ಟಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಮುಷ್ಟಿಗಿಂತ ಸ್ವಲ್ಪ ದೊಡ್ಡವು, ಮುಂದೆ ಒಂದು ದುಂಡು ಬಾಯಿ.

ಅದು ೧೯೭೪ರ ಫೆಬ್ರವರಿ. ಮನೆ ಡೌನರ್ಸ್ ಗ್ರೋವ್‌ನಲ್ಲಿ, ರೈಲು ಹಳಿಗೆ ಎರಡು ಬೀದಿ ಈಚೆ. ಮಿಸ್ಟರ್ ಕುಚೆರಾ ಆ ಮನೆಯ ಯಜಮಾನರು. ರೈಲಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಬರ್ವಿನ್‌ನಲ್ಲಿ ಮಗಳ ಹತ್ತಿರ ಇದ್ದುಕೊಂಡು ಮನೆಯನ್ನು ನಮ್ಮ ಅಣ್ಣನಿಗೆ ಬಾಡಿಗೆಗೆ ಕೊಟ್ಟಿದ್ದರು. ಹಿಂಭಾಗದ ಗಾಜಿನ ಪಡಸಾಲೆಗೆ ನೆಲದಿಂದ ಸೂರಿನವರೆಗೆ ಜಾಲರಿ ಹೊಡೆದು ಅವರೇ ಒಂದು ಹಕ್ಕಿಮನೆ ಮಾಡಿದ್ದರು. ಅದರಲ್ಲಿ ಆರು ಜೀಬ್ರಾ ಫಿಂಚುಗಳು. ಗುಬ್ಬಿಗಿಂತ ಸಣ್ಣವು. ಗಂಡಿಗೆ ಕೆನ್ನೆಯ ಮೇಲೆ ಕಾವಿ ಬಣ್ಣದ ಬೊಟ್ಟು, ಎದೆಯ ಮೇಲೆ ಗೀರುಗಳು. ಹೆಣ್ಣು ಬರೀ ಬೂದು. ಕೂಗಿದರೆ ಜಾತ್ರೆಯ ಪೀಪಿ ಊದಿದ ಹಾಗೆ. ಹಕ್ಕಿಗಳು ಅಲ್ಲೇ ಇರಬೇಕು, ಗುರುವಾರಕ್ಕೊಮ್ಮೆ ತಾವು ಬಂದು ನೋಡುವುದು, ಇದೇ ಕರಾರು. ಅಣ್ಣ ಶರಣಪ್ಪ ಒಪ್ಪಿ ಸಹಿ ಹಾಕಿದ. ಅವುಗಳ ಕೆಲಸ ನನ್ನ ಪಾಲಿಗೆ ಬಂತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವ್ವ ಹಾಸಿಗೆ ಹಿಡಿದಾಗ ರೊಟ್ಟಿ ಬಡಿಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವ್ವ ಹೋದ ಮೇಲೆ ಅಣ್ಣ ನನ್ನನ್ನು ಇಲ್ಲಿಗೆ ಕರೆಸಿಕೊಂಡ. ಅವನ ಹೆಂಡತಿ, ನನ್ನ ವೈನಿ ಗುರುದೇವಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು, ಅವರ ನಾಲ್ಕು ವರ್ಷದ ಮಗಳು ಉಮಾಳನ್ನು ನೋಡಿಕೊಳ್ಳಬೇಕಿತ್ತು. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಫೋನು ರಿಂಗಾದರೆ ಅದು ಸುಮ್ಮನಾಗುವವರೆಗೆ ನಾನು ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ. ಕನ್ನಡದವರ ಎದುರಿಗೂ ಹಾಗೆಯೇ. ಶನಿವಾರ ಮಂದಿ ಬಂದರೆ ರೊಟ್ಟಿಯ ಹಂಚಿನ ಮುಂದೆ ಇಲ್ಲವೇ ಹಕ್ಕಿಗಳ ಮುಂದೆ ಇರುತ್ತಿದ್ದೆ.

ಬುಟ್ಟಿಗಳನ್ನು ಕೊಟ್ಟ ದಿನ ವೈನಿಗೆ ರಜೆ ಇತ್ತು. ಮಿಸ್ಟರ್ ಕುಚೆರಾ ಅವಳನ್ನು ಕರೆದು ಬಹಳ ಹೊತ್ತು ಮಾತಾಡಿದರು, ನಡುನಡುವೆ ನನ್ನ ಕಡೆ ಕೈ ತೋರಿಸಿದರು. ವೈನಿ ನನಗೆ ಹೇಳಿದಳು, “ಬ್ಯಾಸಗ್ಯಾಗ ಮನಿ ಮಾರತಾರಂತ. ಈ ಆರು ಹಕ್ಕಿ ಸಿಸೆರೋದಾಗ ಅವರ ಹೆಂಡತಿ ತಮ್ಮನ ಮನಿಗೆ ಹೋಗತಾವ. ಆದ್ರ ಅಷ್ಟರಾಗ ನಿನ್ನ ಕೈಯಾಗ ಮರಿ ಆದ್ರ, ಆ ಮರಿ ನಿನ್ನವು ಅಂತಾರ.”

ನಾನು ತಲೆ ತಗ್ಗಿಸಿಕೊಂಡು ಬುಟ್ಟಿಯ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಆ ದೇಶದಲ್ಲಿ ನನ್ನದು ಅನ್ನುವುದು ಏನೂ ಇರಲಿಲ್ಲ. ಹಾಕಿಕೊಂಡಿದ್ದ ಸ್ವೆಟರು ವೈನಿಯದು, ಮಲಗುವ ಕೋಣೆ ಉಮಾಳದು. ಎರಡು ಹಕ್ಕಿ ಸಿಕ್ಕರೆ ಸಾಕು, ಒಂದು ಪಂಜರ ಸಿಕ್ಕರೆ ಸಾಕು ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಹೆಂಡತಿ ಹೋದಾಗಿನಿಂದ ಮಿಸ್ಟರ್ ಕುಚೆರಾ ಗೂಡು ಕಟ್ಟಿಸಿರಲಿಲ್ಲ. ಏನೇನು ಮಾಡಬೇಕು ಎಂಬುದನ್ನು ಅವರು ನನಗೆ ಕೈಯಲ್ಲೇ ತೋರಿಸಿದರು. ಬುಟ್ಟಿಗಳನ್ನು ತಲೆಗಿಂತ ಎತ್ತರದಲ್ಲಿ, ಒಂದಕ್ಕೊಂದು ಕಾಣದ ಹಾಗೆ, ಎರಡು ಮೂಲೆಗಳಲ್ಲಿ ಕಟ್ಟಿದೆವು. ಚಳಿಗಾಲದ ಹಗಲು ಸಾಲದು. ದಿನಕ್ಕೆ ಹದಿನಾಲ್ಕು ತಾಸು ಬೆಳಕು ಬೇಕೆಂದು ಗಡಿಯಾರ ಕೂಡಿಸಿದ ಒಂದು ದೀಪ ತಂದರು. ಉಗುರು ಬೆಚ್ಚಗಿನ ನೀರನ್ನು ಅಗಲ ತಟ್ಟೆಯಲ್ಲಿ ಇಟ್ಟರೆ ಹಕ್ಕಿಗಳು ಮಳೆಗಾಲ ಬಂತೆಂದು ತಿಳಿದು ರೆಕ್ಕೆ ಬಡಿದು ಮೀಯುತ್ತಿದ್ದವು. ಊರಲ್ಲಿ ನಾವು ಹೊಲದ ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿ ನವಣೆ ತೆನೆಯಿಂದ ಗುಬ್ಬಿ ಓಡಿಸುತ್ತಿದ್ದೆವು. ಇಲ್ಲಿ ಅದೇ ನವಣೆ ತೆನೆಯನ್ನು ಪೆಟ್ಟಿಗೆಯಲ್ಲಿ ಕೊಂಡುತಂದು, ನೆನೆಹಾಕಿ, ಮೊಳಕೆ ಬರಿಸಿ, ತಿನ್ನಿರಿ ಎಂದು ತಂತಿಗೆ ತೂಗುಹಾಕುವುದು ಮೊದಮೊದಲು ನನಗೆ ನಗು ಬರಿಸುತ್ತಿತ್ತು.

ಒಂದೇ ಒಂದು ತೊಡಕಾಯಿತು. ಮೊಟ್ಟೆ ಇಡುವ ಹಕ್ಕಿಗೆ ಬೇಯಿಸಿದ ಕೋಳಿಮೊಟ್ಟೆಯನ್ನು ಸಿಪ್ಪೆ ಸಮೇತ ಹಿಸುಕಿ ಕೊಡಬೇಕಂತೆ. ನಮ್ಮದು ಲಿಂಗವಂತರ ಮನೆ. ಹೆಸರುಕಾಳಿನ ಮೊಳಕೆ ಕೊಟ್ಟು ನೋಡಿದೆ, ಕೊಕ್ಕಿನಿಂದ ಎತ್ತಿ ಕೆಳಗೆ ಎಸೆದವು. ಕೊನೆಗೆ ವೈನಿ ಹಳೆಯ ಕಾಫಿ ಡಬ್ಬಿಯೊಂದನ್ನು ಪಡಸಾಲೆಯ ಮೆಟ್ಟಿಲ ಮೇಲೆ ಕರೆಂಟಿನ ಒಲೆಗೆ ಇಟ್ಟು, ಇದರಲ್ಲಿ ಬೇಯಿಸು, ಡಬ್ಬಿ ಒಳಗೆ ತರಬೇಡ ಅಂದಳು.

“ತತ್ತಿ ತಿಂದು ತತ್ತಿ ಇಡೋ ಹಕ್ಕಿ ಲಿಂಗ ಕಟಗೊಂಡವರ ಮನ್ಯಾಗ ಬಾಳತಾವೇನು?” ಎಂದು ಅಣ್ಣ ಕೇಳಿದ.

“ನೀವು ಆಫೀಸಿನ್ಯಾಗ ಕೇಕ್ ತಿಂದು ಬಂದು ಬಾಳಾಕತ್ತೀರಲ್ಲ,” ಎಂದಳು ವೈನಿ.

ಮಾರ್ಚ್ ಮೊದಲ ವಾರ ಒಂದು ಗಂಡು ಎದೆ ಉಬ್ಬಿಸಿ ಹಾಡುತ್ತಾ ಒಂದು ಹೆಣ್ಣಿನ ಎದುರು ಕುಪ್ಪಳಿಸತೊಡಗಿತು. ಎಲ್ಲಕ್ಕಿಂತ ಕೆನ್ನೆ ಕೆಂಪಾಗಿದ್ದ ಗಂಡು ಅದು. ಅದರ ಕೊಕ್ಕಿನಲ್ಲಿ ಒಂದು ಹುಲ್ಲುಕಡ್ಡಿ. ಮಿಸ್ಟರ್ ಕುಚೆರಾ ಹುಲ್ಲು ತಂದಿದ್ದರು. ನಾನು ಅಡುಗೆಮನೆಯಿಂದ ತೆಂಗಿನಕಾಯಿಯ ಜುಟ್ಟು ತಂದು ಬಿಡಿಸಿ ನಾರು ಹಾಕಿದೆ. ಗಂಡು ಹುಲ್ಲನ್ನು ಬಿಟ್ಟು ನಾರನ್ನೇ ಎತ್ತಿಕೊಂಡು ಹೋಯಿತು. ಮಿಸ್ಟರ್ ಕುಚೆರಾ ಅದನ್ನು ನೋಡಿ ಒಂದು ಎಳೆ ಎತ್ತಿ ಮೂಸಿದರು. ನಾನು ಒಡೆದ ಕಾಯಿ ತಂದು ತೋರಿಸಿದಾಗ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು ಗುರುವಾರವಿಡೀ ಅಗಿಯುತ್ತಿದ್ದರು.

ಹನ್ನೊಂದನೆಯ ತಾರೀಖು ಮೊದಲ ಮೊಟ್ಟೆ. ಆಮೇಲೆ ದಿನಕ್ಕೊಂದು. ಶೇಂಗಾ ಬೀಜದಷ್ಟು ಗಾತ್ರ, ಬಿಳಿ. ಹದಿನಾಲ್ಕನೆಯ ತಾರೀಖು ಗುರುವಾರ ಬಂದ ಮಿಸ್ಟರ್ ಕುಚೆರಾ ಸಣ್ಣ ಕನ್ನಡಿ ಹಿಡಿದು ಗೂಡಿನೊಳಗೆ ನೋಡಿ, ನನಗೂ ತೋರಿಸಿದರು. ನಾಲ್ಕಿದ್ದವು. ಆಮೇಲೆ ಅವರು ಬಗ್ಗಿ, ನೆಲದ ಮೇಲೆ ಬಿದ್ದಿದ್ದ ನಾರು, ಹುಲ್ಲು ಎಲ್ಲವನ್ನೂ ಅಂಗೈಯಿಂದ ಗುಡಿಸಿ ಒಟ್ಟು ಮಾಡಿದರು. ಒಂದು ಎಳೆಯನ್ನೂ ಬಿಡದೆ ಕೋಟಿನ ಜೇಬಿಗೆ ತುಂಬಿಕೊಂಡರು. ಖಾಲಿ ಅಂಗೈ ತೋರಿಸಿ ತೋರುಬೆರಳು ಆಡಿಸಿದರು. ಮೊಟ್ಟೆ ಬಂದ ಮೇಲೆ ನಾರು ಕೊಡಬಾರದು. ನನಗೆ ಅರ್ಥವಾಯಿತು. ಅರ್ಥವಾಗಿರಲಿಲ್ಲ ಎಂದು ಆಮೇಲೆ ನಾನು ಯಾರಿಗೂ ಹೇಳುವ ಹಾಗಿರಲಿಲ್ಲ.

ಎರಡು ದಿನ ಕಳೆದು ಶನಿವಾರ. ಅಂದು ನಮ್ಮ ಮನೆಯಲ್ಲಿ ಊಟ. ಇಟಾಸ್ಕಾದಿಂದ ಪದ್ಮಜಾ ಆಂಟಿ, ಅವರ ಯಜಮಾನರು, ಇನ್ನೂ ಮೂರು ಮನೆಯವರು ಬಂದರು. ಪದ್ಮಜಾ ಆಂಟಿ ಮೈಸೂರಿನವರು, ಗಟ್ಟಿ ದನಿ, ನಕ್ಕರೆ ಗಾಜು ನಡುಗುತ್ತದೆ. ಪ್ರತಿಸಲ ನನ್ನನ್ನು ಕಂಡಾಗ ಒಂದೇ ಮಾತು: “ಏನಮ್ಮಾ ಕಮಲವ್ವ, ನೋಡಿದ್ರೆ ಇಪ್ಪತ್ತು, ಹೆಸರು ಕೇಳಿದ್ರೆ ಅರವತ್ತು!” ನಾನು ಹಂಚಿನ ಕಡೆ ತಿರುಗಿಬಿಡುತ್ತಿದ್ದೆ. ಆ ದಿನ ಉಮಾ ಅವರ ಸೆರಗು ಹಿಡಿದು ಪಡಸಾಲೆಗೆ ಎಳೆದುಕೊಂಡು ಹೋಗಿ, “ಶಿ ಹ್ಯಾಸ್ ಎಗ್ಸ್, ಆಂಟಿ. ಫೋರ್,” ಅಂದಳು.

ಗಂಡಸರು ಒಳಗೆ ಕುಳಿತು ಪೆಟ್ರೋಲಿನ ಕ್ಯೂಗಳ ವಿಷಯ ಮಾತಾಡುತ್ತಿದ್ದರು. ಹೆಂಗಸರೆಲ್ಲ ಜಾಲರಿಯ ಮುಂದೆ ಸೇರಿದರು. ಹೆಣ್ಣುಹಕ್ಕಿ ಗೂಡಿನ ಬಾಯಿಯಿಂದ ತಲೆ ಹೊರಗೆ ಹಾಕಿ ನೋಡಿತು. ಬಸುರಿ ಹೆಣ್ಣಿನ ಹಾಗೆ ಮುಖ ಎಷ್ಟು ಬಾಡಿದೆ ನೋಡಿ ಎಂದು ಯಾರೋ ಅಂದರು. ತವರಿನವರು ಯಾರೂ ಇಲ್ಲವಲ್ಲ ಪಾಪ ಎಂದರು ಇನ್ನೊಬ್ಬರು. ವೈನಿ ನಗುತ್ತಾ, ಹಾಗಾದರೆ ನಾವೇ ಕುಬಸ ಮಾಡೋಣ ಅಂದಳು. ಏಳನೆಯ ತಿಂಗಳಿಗೆ ಬಸುರಿಗೆ ಹಸಿರು ಕುಬಸ ತೊಡಿಸಿ, ಮುತ್ತೈದೆಯರು ಉಡಿ ತುಂಬುತ್ತಾರಲ್ಲ, ನಮ್ಮ ಕಡೆ ಅದಕ್ಕೆ ಕುಬಸ ಅನ್ನುತ್ತಾರೆ. ಪದ್ಮಜಾ ಆಂಟಿಗೆ ಅದು ಸೀಮಂತ.

ತಮಾಷೆಯಾಗಿಯೇ ಶುರುವಾಯಿತು. ಅಕ್ಕಿಯ ಬದಲಿಗೆ ನಾರು. ಅಂದು ಪಾಯಸಕ್ಕೆಂದು ಐದು ಕಾಯಿ ಒಡೆದಿದ್ದೆವು, ಐದರ ಜುಟ್ಟೂ ಇತ್ತು. ವೈನಿ ಅದನ್ನು ತಟ್ಟೆಯಲ್ಲಿ ಇಟ್ಟು, ಅರಿಷಿಣ ಕುಂಕುಮದ ಬಟ್ಟಲು ಪಕ್ಕಕ್ಕಿಟ್ಟುಕೊಂಡು ತಂದಳು. ಐದು ಜನ ಒಬ್ಬರಾದ ಮೇಲೆ ಒಬ್ಬರು ಜಾಲರಿಯ ಸಂದಿಯಿಂದ ಒಂದೊಂದು ಹಿಡಿ ನಾರನ್ನು ಒಳಗೆ ಹಾಕಿದರು. ಯಾರೋ ಸೋಬಾನೆ ಎತ್ತಿದರು. ಎರಡನೆಯ ಸಾಲಿಗೆ ನಗು ನಿಂತಿತ್ತು. ಆ ಐವರಲ್ಲಿ ನಾಲ್ವರು ಇದೇ ದೇಶದಲ್ಲಿ ಹೆತ್ತವರು, ತಾಯಂದಿರು ಹತ್ತಿರವಿಲ್ಲದೆ. ಹಾಡು ಮುಗಿದಾಗ ಪದ್ಮಜಾ ಆಂಟಿ ಮೂಗು ಒರೆಸಿಕೊಳ್ಳುತ್ತಿದ್ದರು. ಕೆನ್ನೆಗೆಂಪಿನ ಗಂಡು ಆಗಲೇ ಕೆಳಗಿಳಿದು ನಾರು ಎತ್ತಿಕೊಂಡು ಗೂಡಿಗೆ ಹೋಗಿಬರುತ್ತಿತ್ತು. ಎಲ್ಲರೂ ಅದನ್ನು ನೋಡಿ ಖುಷಿಪಟ್ಟರು.

ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಬೇಡ ಅನ್ನಬೇಕಿತ್ತು. ಬಾಯಿಯವರೆಗೆ ಬಂತು, ಹೊರಗೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನೆಲದಲ್ಲಿ ಉಳಿದಿದ್ದ ನಾರನ್ನಾದರೂ ತೆಗೆಯೋಣವೆಂದು ಒಳಗೆ ಕೈ ಹಾಕಿದ್ದೆ. ವೈನಿ ಕಾಫಿ ಹಿಡಿದುಕೊಂಡು ಬಂದಳು. “ಉಡ್ಯಾಗ ಹಾಕಿದ್ದು ತಿರುಗಿ ತಗೋಬಾರದವ್ವಾ. ಇರಲಿ ಬಿಡು.” ನಾನು ಹಿಡಿಯನ್ನು ಮತ್ತೆ ಕೆಳಗೆ ಬಿಟ್ಟೆ.

ಸೋಮವಾರದ ಹೊತ್ತಿಗೆ ಗೂಡಿನೊಳಗೆ ಹೊಸ ಹಾಸು ಎದ್ದಿತ್ತು. ಕನ್ನಡಿಯಲ್ಲಿ ನೋಡಿದರೆ ಮೊಟ್ಟೆ ಕಾಣಲಿಲ್ಲ. ಗಂಡು ಮೊಟ್ಟೆಗಳ ಮೇಲೆಯೇ ಕಟ್ಟಿತ್ತು. ಕೊಕ್ಕಿಗೆ ನಾರು ಸಿಗುತ್ತಿರುವಷ್ಟು ದಿನ ಅದು ಕಟ್ಟುತ್ತಲೇ ಇರುತ್ತದೆ. ಹೆಣ್ಣು ಹೊಸ ಹಾಸಿನ ಮೇಲೆ ಇನ್ನೊಂದು ಮೊಟ್ಟೆ ಇಟ್ಟಿತು. ಬುಧವಾರ ಅದೂ ಮುಚ್ಚಿಹೋಯಿತು. ನಾನು ದಿನಾ ಹೊಟ್ಟು ಊದಿದೆ, ನೀರು ಬದಲಿಸಿದೆ, ನೋಡಿದೆ. ಗೂಡಿಗೆ ಕೈ ಹಾಕುವ ಧೈರ್ಯವಾಗಲಿಲ್ಲ.

ಗುರುವಾರ ಮಿಸ್ಟರ್ ಕುಚೆರಾ ಬುಟ್ಟಿ ಇಳಿಸಿ, ಎರಡು ಬೆರಳಿನಿಂದ ಹಾಸು ಹಾಸಾಗಿ ಎತ್ತಿದರು. ಐದು ಮೊಟ್ಟೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು, ಒಂದನ್ನು ನನ್ನ ಕೈಗೆ ಇಟ್ಟರು. ತಣ್ಣಗಿತ್ತು. ಅವರು ಸಿಟ್ಟು ಮಾಡಲಿಲ್ಲ. ನಾರನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಗೊತ್ತಿತ್ತು ಎಂಬುದು ಅವರಿಗೆ ಗೊತ್ತಾಯಿತು. ಬುಟ್ಟಿಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ಒಣಗಲು ಕಿಟಕಿಯ ಮೇಲಿಟ್ಟು, ಮೂರು ಬೆರಳು ತೋರಿಸಿದರು. ಮೂರು ವಾರ ಹಕ್ಕಿಗಳಿಗೆ ವಿಶ್ರಾಂತಿ.

ಆ ಮೂರು ವಾರದಲ್ಲಿ ಹಿಮ ಕರಗಿ ಹಿತ್ತಲು ಕೆಸರಾಯಿತು. ನಾನು ಉಮಾಳ ಚಿತ್ರದ ಪುಸ್ತಕಗಳನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದೆ. ಅವಳು ತಿದ್ದುತ್ತಿದ್ದಳು. “ನಾಟ್ ಬರ್ಡಾ, ಅತ್ತಿ. ಬರ್ಡ್.”

ಏಪ್ರಿಲ್ ನಡುವೆ ಬುಟ್ಟಿಗಳನ್ನು ಮತ್ತೆ ಕಟ್ಟಿದೆವು. ಈ ಸಲ ದಿನಕ್ಕೆ ಇಷ್ಟೇ ಎಂದು ಎಣಿಸಿ ನಾರು ಕೊಟ್ಟೆ. ಇಪ್ಪತ್ತೊಂದನೆಯ ತಾರೀಖು, ಭಾನುವಾರ, ಮೊಟ್ಟೆ ಕಂಡ ಕೂಡಲೆ ಮೊಣಕಾಲೂರಿ ನೆಲವನ್ನು ಎರಡು ಸಲ ಗುಡಿಸಿದೆ. ಗಂಡು ಕೆಳಗೆ ಬಂದು ಹುಡುಕಿತು, ಒಂದು ಬಿದ್ದ ಗರಿ ಎತ್ತಿಕೊಂಡು ಹೋಯಿತು, ಮತ್ತೆ ಬಂದು ನನ್ನನ್ನು ನೋಡಿ ಪೀಪಿ ಊದಿತು. ಎರಡು ದಿನ ಬೇಡಿತು. ನಾನು ಕೊಡಲಿಲ್ಲ. ಗುರುವಾರ ಐದನೆಯ ಮೊಟ್ಟೆ ಬಂತು. ಗಂಡು ಸರದಿಯ ಮೇಲೆ ಹೆಣ್ಣಿನ ಜೊತೆ ಕಾವು ಕೂರತೊಡಗಿತು.

ಆ ಶನಿವಾರ ಪದ್ಮಜಾ ಆಂಟಿ ಒಂದು ಕಾಗದದ ಚೀಲ ಎತ್ತಿಕೊಂಡು ನೇರವಾಗಿ ಪಡಸಾಲೆಗೆ ನಡೆದರು. ಮೂರು ಮನೆಗಳ ಕಾಯಿಜುಟ್ಟು ಕೂಡಿಟ್ಟು ತಂದಿದ್ದರು. ನಾನು ಅವರಿಗಿಂತ ಮೊದಲು ಓಡಿಹೋಗಿ ಪಡಸಾಲೆಯ ಬಾಗಿಲಿಗೆ ಅಡ್ಡ ನಿಂತೆ.

“ಬ್ಯಾಡ್ರಿ, ಆಂಟಿ.”

ಅವರು ನನ್ನ ದನಿ ಕೇಳಿದ್ದು ಅದೇ ಮೊದಲಿರಬೇಕು. “ಏನಾಯ್ತಮ್ಮ? ನಿನ್ನ ಹಕ್ಕಿಗೇ ತಂದಿದ್ದು.”

“ನಾರು ಕೊಟ್ರ ಅದು ತತ್ತಿ ಮ್ಯಾಲೇ ಕಟ್ಟತದರಿ. ಹೋದ ಸಲ ನಾವು ಉಡಿ ತುಂಬಿದ್ವಿ, ಐದೂ ತತ್ತಿ ಒಳಗ ಮುಚ್ಚಿ ಹ್ವಾದವು. ನನಗ ಗೊತ್ತಿತ್ರಿ. ನಾ ಹೇಳಲಿಲ್ಲ.”

ಹಿಂದೆ ವೈನಿ ಬಂದು ನಿಂತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. ಮೊಟ್ಟೆ ಕೆಟ್ಟವು ಎಂದಷ್ಟೇ ನಾನು ಹೇಳಿದ್ದೆ. ಪದ್ಮಜಾ ಆಂಟಿ ಚೀಲದ ಬಾಯಿಯನ್ನು ಮಡಚಿದರು, ಇನ್ನೊಮ್ಮೆ ಮಡಚಿದರು.

“ನಾವೇ ಮುಚ್ಚಿಬಿಟ್ವಾ?” ಎಂದರು. ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು, “ನನಗೆ ಸೀಮಂತ ಅಂತ ಆಗ್ಲೇ ಇಲ್ಲ ಕಣೆ. ಹೆರಿಗೆಗೆ ಹೊರಟ ದಿನ ಸ್ನೋ ಬಿದ್ದಿತ್ತು, ಇವರು ಕಾರ್ ಸ್ಟಾರ್ಟ್ ಮಾಡೋಕೆ ಒದ್ದಾಡ್ತಿದ್ರು, ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅದಕ್ಕೇ ಅವತ್ತು ಅಷ್ಟು ದೊಡ್ಡ ಹಿಡಿ ಹಾಕಿದೆ,” ಎಂದರು.

ಚೀಲವನ್ನು ತಾವೇ ಒಯ್ದು ಕಾರಿನ ಡಿಕ್ಕಿಯಲ್ಲಿ ಇಟ್ಟು ಬಂದರು. ಅಂದು ಊಟಕ್ಕೆ ಬಂದ ಹದಿನೆಂಟು ಜನರೂ ಪಿಸುಮಾತಿನಲ್ಲಿ ಮಾತಾಡಬೇಕಾಯಿತು, ಏಕೆಂದರೆ ಆಂಟಿ ಪಡಸಾಲೆಯ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವರ ಯಜಮಾನರು ಜೋರಾಗಿ ಸೀನಿದ್ದಕ್ಕೆ ಬೈಗುಳ ತಿಂದರು. “ಮನ್ಯಾಗ ಬಾಣಂತಿ ಇದ್ದಾಗ ಸೈತ ಇಷ್ಟು ಕಾನೂನು ಇರಲಿಲ್ಲ,” ಎಂದು ಅಣ್ಣ ತಟ್ಟೆ ಹಿಡಿದು ತುದಿಗಾಲಲ್ಲಿ ನಡೆದ.

ಅದೇ ವಾರ ಅಣ್ಣನಿಗೆ ಡೆಟ್ರಾಯಿಟ್ ಕಡೆಯ ಕಾರು ಕಂಪನಿಯಿಂದ ಕಾಗದ ಬಂತು. ಒಂದು ವರ್ಷದಿಂದ ಅಪ್ಲೈ ಮಾಡುತ್ತಿದ್ದ ಕೆಲಸ. ಮೇ ಹದಿಮೂರರಂದು ಹಾಜರಾಗಬೇಕು. ಅಣ್ಣ ಹೋಗಿ ಅಲ್ಲಿಯ ನೋವೈ ಎಂಬ ಊರಿನಲ್ಲಿ ಮನೆ ನೋಡಿ ಬಂದ. ಹೊಸ ಸಬ್‌ಡಿವಿಷನ್ ಬಡಾವಣೆ, ಸುತ್ತ ಇನ್ನೂ ಜೋಳದ ಹೊಲ. ಅಲ್ಲಿಯ ಬಾಡಿಗೆ ಮೊದಲೇ ಗೊತ್ತು ಮಾಡಿಕೊಂಡ. ಇಲ್ಲಿಯ ಮನೆ ಜೂನ್ ಕೊನೆಯವರೆಗೆ ನಮ್ಮದೇ ಇತ್ತು, ಆದರೆ ಎಲ್ಲರೂ ಮೇ ಹನ್ನೊಂದರ ಶನಿವಾರ ಹೊರಡುವುದೆಂದು ಆಯಿತು. ವೈನಿ ಲ್ಯಾಬಿಗೆ ರಾಜೀನಾಮೆ ಕೊಟ್ಟಳು. ಅವಳಿಗೆ ಅಲ್ಲಿ ಕೆಲಸ ಇನ್ನೂ ಸಿಕ್ಕಿರಲಿಲ್ಲ, ಬೇಸಗೆ ಮುಗಿಯುವವರೆಗೆ ಮಗಳ ಜೊತೆ ಮನೆಯಲ್ಲಿರುತ್ತೇನೆ ಅಂದಳು. ಎಲ್ಲರಿಗೂ ಖುಷಿ. ನನಗೂ ಖುಷಿಯೇ. ಆದರೆ ನಾನು ಕ್ಯಾಲೆಂಡರಿನಲ್ಲಿ ಕಾವಿನ ದಿನಗಳನ್ನು ಎಣಿಸುತ್ತಿದ್ದೆ.

ಮೇ ಎಂಟು, ಬುಧವಾರ. ಹೊಟ್ಟು ಊದುವ ಮೊದಲು ನೆಲ ಗುಡಿಸುವಾಗ ಅರ್ಧ ಮೊಟ್ಟೆಯ ಚಿಪ್ಪು ಸಿಕ್ಕಿತು. ಒಳಗೆ ಒದ್ದೆ ಪೊರೆ. ಒಡೆದು ಬಿದ್ದದ್ದಲ್ಲ, ಅಂಚು ಸುತ್ತಲೂ ಕತ್ತರಿಸಿದ ಹಾಗಿತ್ತು. ನಾನು ಅದನ್ನು ಹಿಡಿದುಕೊಂಡು ಗೂಡಿನ ಕೆಳಗೆ ಉಸಿರು ಬಿಗಿಹಿಡಿದು ನಿಂತೆ. ಗಂಡು ಗೂಡಿಗೆ ಹೋದಾಗ ಒಳಗಿನಿಂದ ಬಹಳ ಸಣ್ಣ ಸದ್ದು ಕೇಳಿಸಿತು, ಒಣ ಎಲೆಯ ಮೇಲೆ ಇರುವೆ ಸಾಲು ಹೋದರೆ ಕೇಳಿಸಬಹುದಾದಂಥದು.

ಅಷ್ಟರಲ್ಲಿ ಫೋನು ರಿಂಗಾಯಿತು. ವೈನಿ ಉಮಾಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಳು. ರಿಂಗಾಗುತ್ತಲೇ ಇತ್ತು, ಗೂಡಿನ ಬಾಯಿಯಲ್ಲಿ ಹೆಣ್ಣು ತಲೆಯೆತ್ತಿತು. ಆ ಸದ್ದು ನಿಲ್ಲಬೇಕೆಂದೇ ನಾನು ಓಡಿಹೋಗಿ ರಿಸೀವರ್ ಎತ್ತಿದೆ. ಆ ಕಡೆ ಮಿಸ್ಟರ್ ಕುಚೆರಾ ಇದ್ದರು. ಏನೋ ಕೇಳಿದರು. ನನಗೆ ತಿಳಿದ ಮಾತು ಮೂರೇ ಇದ್ದವು, “ಬರ್ಡ್. ಬೇಬಿ. ಯೆಸ್,” ಅಂದೆ. ಆಮೇಲೆ ಅವರು ತಮ್ಮ ಭಾಷೆಯಲ್ಲಿ ಯಾರನ್ನೋ ಕೂಗಿ ಕರೆದರು.

ಮಾರನೆಯ ದಿನ ರೈಲಿಗೆ ಬಂದರು. ಕನ್ನಡಿಯಲ್ಲಿ ನೋಡಿದೆವು. ನಾಲ್ಕು ಮರಿ, ಕೂದಲಿಲ್ಲದ ಕೆಂಪು ಹುಳುಗಳಂತೆ, ತಲೆ ಎತ್ತಿದರೆ ಎತ್ತಿದಲ್ಲೇ ನಡುಗುತ್ತಿದ್ದವು. ಐದನೆಯದು ಒಡೆದಿರಲಿಲ್ಲ. ನಾನು ಮನೆಯ ತುಂಬ ಇದ್ದ ಪೆಟ್ಟಿಗೆಗಳ ಕಡೆ ಕೈ ತೋರಿಸಿದೆ. ಮಿಸ್ಟರ್ ಕುಚೆರಾ ಕುರ್ಚಿಯ ಮೇಲೆ ಕುಳಿತು ವೈನಿಗೆ ನಿಧಾನವಾಗಿ ವಿವರಿಸಿದರು. ಮೂರು ವಾರ ಮರಿಗಳು ಗೂಡಿನಲ್ಲೇ ಇರುತ್ತವೆ. ಹೊರಗೆ ಬಂದ ಮೇಲೂ ಎರಡು ವಾರ ಅಪ್ಪ ಅಮ್ಮ ತಿನ್ನಿಸಬೇಕು. ಅಲ್ಲಿಯವರೆಗೆ ಗೂಡು ಅಲುಗಿಸಿದರೆ ದೊಡ್ಡವು ಬಿಟ್ಟುಹೋಗುತ್ತವೆ. ಕಾರಿ‌ನಲ್ಲಿ ಒಯ್ಯುವುದಂತೂ ಆಗದ ಮಾತು. ತಾವೇ ಬಂದು ಇರಬಹುದಿತ್ತು, ಮಗಳು ಒಬ್ಬರನ್ನೇ ಇರಲು ಬಿಡುವುದಿಲ್ಲ. ಹೆಂಡತಿಯ ತಮ್ಮ ಶನಿವಾರ ಮಧ್ಯಾಹ್ನ ಪಂಜರ ತರುತ್ತಾನೆ, ಅವನು ಎಚ್ಚರಿಕೆಯಿಂದ ಒಯ್ಯುತ್ತಾನೆ, ಒಂದೋ ಎರಡೋ ಉಳಿಯಬಹುದು. ಹೊರಡುವ ಮುನ್ನ ಅವರು ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ತೆಗೆದರು.

ಶುಕ್ರವಾರ ಸಂಜೆ ಅಡುಗೆಮನೆಯ ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಪದ್ಮಜಾ ಆಂಟಿ ಬಿಸಿಬೇಳೆ ಭಾತು ತಂದಿದ್ದರು. ಪೆಟ್ಟಿಗೆಗಳ ಮೇಲೆಯೇ ಕುಳಿತು ಎಲ್ಲರೂ ಕಾಗದದ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಪಡಸಾಲೆಯ ಬಾಗಿಲು ತೆರೆದಿತ್ತು, ಇನ್ನೂ ಬೆಳಕಿತ್ತು. ಅಣ್ಣ ಬೇಗ ಉಂಡು ಮುಗಿಸಿ ಕೊನೆಯ ಪೆಟ್ಟಿಗೆಗೆ ಟೇಪು ಹಚ್ಚುತ್ತಾ ನಾಳೆಯ ಕ್ರಮ ಹೇಳಿದ. ಎಂಟಕ್ಕೆ ಟ್ರಕ್ಕು, ಹನ್ನೆರಡಕ್ಕೆ ಹಕ್ಕಿಯವನು, ಒಂದಕ್ಕೆ ನಾವು ಹೊರಡುವುದು, ಕತ್ತಲಾಗುವ ಮೊದಲು ನೋವೈ. ಆಂಟಿ ತಮ್ಮ ಹೊಸ ಕೆಲಸದ ವಿಷಯ ಹೇಳುತ್ತಿದ್ದರು. ಮಂಗಳವಾರ, ಶುಕ್ರವಾರ ಈ ಊರಿನ ಲೈಬ್ರರಿಗೆ ಬರಬೇಕಂತೆ, ಕಾರಿನಲ್ಲಿ ಅರ್ಧ ತಾಸು. ಇನ್ನು ಈ ಊರಿಗೆ ಬಂದರೂ ಹೋಗಲು ಒಂದು ಮನೆ ಇಲ್ಲದ ಹಾಗಾಯಿತು ಎಂದರು.

“ಆ ಮರಿಗೋಳದು ಏನ ಮಾಡೋದು?” ವೈನಿ ಕೇಳಿದಳು.

“ಉಳಿದ್ರ ಉಳಿತಾವ. ಏನ ಮಾಡಾಕ ಆಗತದ?” ಅಣ್ಣ ತಲೆ ಎತ್ತದೆ ಅಂದ. ಅವನ ದನಿಯಲ್ಲಿ ಕಾಠಿಣ್ಯ ಇರಲಿಲ್ಲ. ಅವನೂ ಆ ಬೆಳಿಗ್ಗೆ ಕನ್ನಡಿ ಹಿಡಿದು ಬಹಳ ಹೊತ್ತು ಗೂಡು ನೋಡಿದ್ದನ್ನು ನಾನು ಕಂಡಿದ್ದೆ.

ಪಡಸಾಲೆಯಿಂದ ಗಂಡು ಕೂಗಿತು. ಅದರ ಹಿಂದೆಯೇ, ಈ ಸಲ ಇಲ್ಲಿಯವರೆಗೆ ಕೇಳಿಸುವಷ್ಟು, ನಾಲ್ಕು ಬಾಯಿಗಳ ಚಿಲಿಪಿಲಿ. ಉಮಾ ಚಮಚ ಹಿಡಿದ ಕೈಯನ್ನು ತುಟಿಯ ಮೇಲಿಟ್ಟು, “ಶ್‌ಶ್, ದೇ ಆರ್ ಈಟಿಂಗ್,” ಅಂದಳು. ಅಣ್ಣನ ಕೈಯಲ್ಲಿ ಟೇಪು ಅರ್ಧಕ್ಕೆ ನಿಂತಿತು.

ನಾನು ತಟ್ಟೆಯನ್ನು ನೆಲಕ್ಕಿಟ್ಟು ಎದ್ದು ನಿಂತೆ. ಈ ಸಲ ಮಾತು ಬಂತು.

“ಅಣ್ಣಾ, ನೀವು ಮೂರೂ ಮಂದಿ ಮುಂದ ಹೋಗ್ರಿ. ಮರಿ ತಾವಾಗಿ ಕಾಳ ತಿನ್ನೋ ತನಕ, ಐದು ವಾರ, ನನ್ನ ಇಲ್ಲೇ ಬಿಡ್ರಿ.”

ಪದ್ಮಜಾ ಆಂಟಿ ಅಣ್ಣನ ಕಡೆ ತಿರುಗಿ, “ಮಂಗಳವಾರ, ಶುಕ್ರವಾರ ನಾನು ಬಂದು ನೋಡ್ಕೊಂಡು ಹೋಗ್ತೀನಿ,” ಎಂದರು.